ಸರ್ಕಾರ ಖರ್ಚು ಮಾಡುತ್ತದೆ, ಶಾಲೆಯ ಕೈಯಲ್ಲಿ ಕಾಸಿಲ್ಲ: ಎರಡೂ ನಿಜ ಹೇಗೆ?

ಜೂನ್ ಬಂತೆಂದರೆ ಬೆಂಗಳೂರಿನಲ್ಲಿ ಶಾಲಾ ಶುಲ್ಕದ ಮಾತು ಶುರು. ಅದರ ಬೆನ್ನಿಗೇ ಎರಡು ವಾದಗಳು ಕೇಳಿಬರುತ್ತವೆ. ಸರ್ಕಾರ ಒಂದೊಂದು ಮಗುವಿನ ಮೇಲೂ ಧಾರಾಳವಾಗಿ ಸುರಿಯುತ್ತಿದೆ, ಗಲ್ಲಿಯ ಖಾಸಗಿ ಶಾಲೆ ಪಡೆಯುವ ಶುಲ್ಕಕ್ಕಿಂತ ಅದು ಹೆಚ್ಚೇ ಎನ್ನುವುದು ಒಂದು. ಸರ್ಕಾರಿ ಶಾಲೆಯಲ್ಲಿ ಪೊರಕೆ, ಫಿನಾಯಿಲ್ ತರಬೇಕಾದರೂ ಮೇಷ್ಟ್ರು ತಮ್ಮ ಜೇಬಿಗೆ ಕೈಹಾಕಬೇಕು ಎನ್ನುವುದು ಇನ್ನೊಂದು. ಇವೆರಡರಲ್ಲಿ ಒಂದು ಸುಳ್ಳಿರಲೇಬೇಕು ಎಂದು ಕೇಳಿದವರಿಗೆ ಅನ್ನಿಸುತ್ತದೆ. ಆದರೆ ಎರಡೂ ನಿಜ. ಇವು ಒಟ್ಟಿಗೆ ನಿಜವಾಗುವುದು ಹೇಗೆ ಎಂದು ತಿಳಿದರೆ, ನಗರದ ಬಡ ಮಕ್ಕಳ ಶಾಲೆಗೂ ಸಿರಿವಂತರ ಶಾಲೆಗೂ ನಡುವಿನ ಅಂತರ ಎಲ್ಲಿ ಹುಟ್ಟುತ್ತದೆ ಎನ್ನುವುದೂ ತಿಳಿಯುತ್ತದೆ. ಹಣ ಎಷ್ಟು ಬರುತ್ತದೆ ಎನ್ನುವುದರಷ್ಟೇ ಅದು ಯಾವ ರೂಪದಲ್ಲಿ, ಯಾವ ಹೊತ್ತಿಗೆ, ಯಾರ ಕೈಗೆ ಬರುತ್ತದೆ ಎನ್ನುವುದೂ ಇಲ್ಲಿ ಮುಖ್ಯ.

ಖಾಸಗಿ ಶಾಲೆ ಎಂದರೆ ಒಂದೇ ಜಾತಿಯದಲ್ಲ

ಮೊದಲು ಪದಗಳು. ಸರ್ಕಾರಿ ಶಾಲೆ ಎಂದರೆ ಕಟ್ಟಡ, ಶಿಕ್ಷಕರು, ಪುಸ್ತಕ ಎಲ್ಲವೂ ಸರ್ಕಾರದ್ದು. ಅನುದಾನಿತ ಶಾಲೆಯಲ್ಲಿ ಆಡಳಿತ ಖಾಸಗಿ ಸಂಸ್ಥೆಯದು, ಮಂಜೂರಾದ ಹುದ್ದೆಗಳ ಸಂಬಳ ಸರ್ಕಾರದ್ದು. ಅನುದಾನರಹಿತ ಶಾಲೆ ಪೂರ್ತಿ ಶುಲ್ಕದ ಮೇಲೆ ನಡೆಯುತ್ತದೆ.

ಅನುದಾನರಹಿತ ಶಾಲೆಗಳಲ್ಲೇ ಎರಡು ಲೋಕಗಳಿವೆ. ಒಂದು, ಬಡಾವಣೆಯ ಮೂಲೆಯ ಮೂರಂತಸ್ತಿನ ಕಟ್ಟಡದಲ್ಲಿ ವರ್ಷಕ್ಕೆ ಇಪ್ಪತ್ತೋ ಮೂವತ್ತೋ ಸಾವಿರ ಶುಲ್ಕ ಪಡೆದು, ಶಿಕ್ಷಕಿಯರಿಗೆ ತೀರಾ ಕಡಿಮೆ ಸಂಬಳ ಕೊಟ್ಟು ನಡೆಯುವ ಶಾಲೆ. ಇನ್ನೊಂದು, ಹೊರವರ್ತುಲ ರಸ್ತೆಯ ಆಚೆ ಎಕರೆಗಟ್ಟಲೆ ಜಾಗದಲ್ಲಿ ಈಜುಕೊಳ, ಪ್ರಯೋಗಾಲಯ, ಆಪ್ತಸಮಾಲೋಚಕರು ಎಲ್ಲ ಇದ್ದು, ವರ್ಷಕ್ಕೆ ಹಲವು ಲಕ್ಷ ಪಡೆಯುವ ಶಾಲೆ. ‘ಸರ್ಕಾರ ಖಾಸಗಿಗಿಂತ ಹೆಚ್ಚು ಖರ್ಚು ಮಾಡುತ್ತದೆ’ ಎನ್ನುವವರು ಹೋಲಿಸುತ್ತಿರುವುದು ಮೊದಲನೆಯದರ ಜೊತೆ. ಎರಡನೆಯದರ ಜೊತೆ ಹೋಲಿಸಿದರೆ ಆ ಮಾತು ನಿಲ್ಲುವುದಿಲ್ಲ. ಎರಡನ್ನೂ ಒಟ್ಟು ಸೇರಿಸಿ ‘ಖಾಸಗಿ ಸರಾಸರಿ’ ತೆಗೆದರೆ ಸಿಗುವುದು ಯಾವ ಶಾಲೆಯನ್ನೂ ತೋರಿಸದ ಒಂದು ಅಂಕಿ.

ಸರ್ಕಾರಿ ಶಾಲೆಗೆ ಹಣ ಬರುವ ದಾರಿಗಳು

2025–26ರ ರಾಜ್ಯ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಮೀಸಲಿಟ್ಟದ್ದು 45,286 ಕೋಟಿ ರೂಪಾಯಿ, ಉನ್ನತ ಶಿಕ್ಷಣವೂ ಸೇರಿ. ಈ ದೊಡ್ಡ ಅಂಕಿಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ‘ಇಷ್ಟೊಂದು ಖರ್ಚಾಗುತ್ತಿದೆ’ ಎನ್ನುವುದು ಸುಲಭ. ಆದರೆ ಈ ಹಣ ಶಾಲೆಗೆ ಹಣವಾಗಿ ಬರುವುದಿಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಬಾಡಿಗೆಯನ್ನು ದೊಡ್ಡಪ್ಪ ನೇರವಾಗಿ ಮಾಲೀಕರಿಗೆ ಕಟ್ಟುತ್ತಾರೆ. ಅಕ್ಕಿ ಮಾವನ ಕಡೆಯಿಂದ ಮೂಟೆಯಲ್ಲಿ ಬರುತ್ತದೆ. ಮಕ್ಕಳ ಬಟ್ಟೆ ಅತ್ತೆ ಕೊಡಿಸುತ್ತಾರೆ. ಮನೆ ನಡೆಸುವವಳ ಕೈಗೆ ಮಾತ್ರ ತಿಂಗಳಿಗೆ ನಾನೂರು ರೂಪಾಯಿ. ಲೆಕ್ಕ ಬರೆದರೆ ಆ ಮನೆಯ ಖರ್ಚು ಮೂವತ್ತು ಸಾವಿರ. ಆದರೆ ನಲ್ಲಿ ಕೆಟ್ಟರೆ ಕೊಳಾಯಿಯವನಿಗೆ ಕೊಡಲು ಅವಳ ಹತ್ತಿರ ಕಾಸಿಲ್ಲ, ಅಕ್ಕಿ ಮಾರಿ ನಲ್ಲಿ ಹಾಕಿಸುವ ಹಾಗೂ ಇಲ್ಲ. ಸರ್ಕಾರಿ ಶಾಲೆ ಸರಿಯಾಗಿ ಈ ಮನೆಯ ಹಾಗೆ.

ಶಿಕ್ಷಕರ ಸಂಬಳ ಖಜಾನೆಯಿಂದ ನೇರ ಅವರ ಖಾತೆಗೆ ಹೋಗುತ್ತದೆ. ಪಠ್ಯಪುಸ್ತಕ ಅಚ್ಚಾಗಿ ಲಾರಿಯಲ್ಲಿ ಬರುತ್ತದೆ. ಸಮವಸ್ತ್ರಕ್ಕೆ ಕೇಂದ್ರ–ರಾಜ್ಯಗಳು ಸೇರಿ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ದರ ಎರಡು ಜೊತೆಗೆ ಮಗುವೊಂದಕ್ಕೆ 600 ರೂಪಾಯಿ. ಬಿಸಿಯೂಟಕ್ಕೆ ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರನೇ ತರಗತಿಯಿಂದ 150 ಗ್ರಾಂ ಧಾನ್ಯ; ಬೇಳೆ, ತರಕಾರಿ, ಎಣ್ಣೆ ಮುಂತಾದ ಸಾಮಗ್ರಿಗೆ 2025ರ ಮೇ 1ರಿಂದ ಕೇಂದ್ರ ನಿಗದಿ ಮಾಡಿದ ದರ ಕ್ರಮವಾಗಿ 6.78 ಮತ್ತು 10.17 ರೂಪಾಯಿ. ಮೊಟ್ಟೆಯ ಲೆಕ್ಕ ಬೇರೆ: ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಗಿದ್ದು 2024ರಲ್ಲಿ, ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ಕೊಡಲು ಒಪ್ಪಿದ ಮೇಲೆ. ಹಾಲು ಕ್ಷೀರಭಾಗ್ಯದ್ದು. ಒಂದೊಂದಕ್ಕೂ ಪ್ರತ್ಯೇಕ ಶೀರ್ಷಿಕೆ, ಪ್ರತ್ಯೇಕ ವಹಿ. ಒಂದರ ಹಣ ಇನ್ನೊಂದಕ್ಕೆ ಮುಟ್ಟಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಮುಖ್ಯ ಶಿಕ್ಷಕರು ಉತ್ತರ ಕೊಡಬೇಕು.

ಈ ಕಟ್ಟುನಿಟ್ಟಿಗೂ ಕಾರಣವಿದೆ. ಸಂಬಳ, ಊಟ, ಪುಸ್ತಕ ಯಾರ ಕೈಗೂ ಸಿಕ್ಕದೆ ನೇರ ತಲುಪಲಿ ಎನ್ನುವುದು ಇದರ ಉದ್ದೇಶ, ಅದು ಬಹುಮಟ್ಟಿಗೆ ಈಡೇರಿದೆ. ಮಕ್ಕಳ ತಟ್ಟೆಗೆ ಅನ್ನ ಬೀಳುವುದು ತಪ್ಪುವುದಿಲ್ಲ. ಆದರೆ ಶಾಲೆ ನಡೆಸಲು ಬೇಕಾದ ಬಿಡಿ ಕಾಸು ಎಲ್ಲಿಂದ?

ಮಗುವಿಗೆ ದಿನಕ್ಕೊಂದು ರೂಪಾಯಿ

ಆ ಬಿಡಿ ಕಾಸಿನ ಹೆಸರು ‘ಸಂಯುಕ್ತ ಶಾಲಾ ಅನುದಾನ’. ಸಮಗ್ರ ಶಿಕ್ಷಣ ಯೋಜನೆ 2018–19ರಲ್ಲಿ ಬಂದಾಗ ಹಳೆಯ ಚಿಲ್ಲರೆ ಅನುದಾನಗಳನ್ನು ಸೇರಿಸಿ ಇದನ್ನು ಮಾಡಲಾಯಿತು. ಕೇಂದ್ರದ ಪಾಲು 60, ರಾಜ್ಯದ ಪಾಲು 40. ಸೀಮೆಸುಣ್ಣ, ಹಾಜರಿ ಪುಸ್ತಕ, ಕೆಟ್ಟ ಸ್ವಿಚ್ಚು, ಒಡೆದ ಹೆಂಚು, ಕಟ್ಟಿಕೊಂಡ ಚರಂಡಿ, ಪ್ರಯೋಗದ ಸಾಮಾನು, ಇಂಟರ್ನೆಟ್ ಎಲ್ಲವೂ ಇದರಲ್ಲೇ. ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೇ ಹೋಗಬೇಕು.

ಇದರ ಮೊತ್ತ ಮಕ್ಕಳ ಸಂಖ್ಯೆಯ ಮೆಟ್ಟಿಲುಗಳ ಮೇಲೆ ನಿಂತಿದೆ. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದರ ಮೇಲೆ ಎಷ್ಟೇ ಇರಲಿ 1 ಲಕ್ಷ. ಇದು ವರ್ಷಕ್ಕೆ.

220 ಮಕ್ಕಳ ಒಂದು ನಗರದ ಶಾಲೆಯನ್ನು ತೆಗೆದುಕೊಳ್ಳಿ. 50,000 ರೂಪಾಯಿ ಅನುದಾನ, ಮಗುವಿಗೆ ವರ್ಷಕ್ಕೆ 227 ರೂಪಾಯಿ. ಶಾಲೆ 220 ದಿನ ನಡೆದರೆ ಮಗುವಿಗೆ ದಿನಕ್ಕೆ ಒಂದು ರೂಪಾಯಿ. ಇನ್ನು ಮೆಟ್ಟಿಲಿನ ವಿಚಿತ್ರ ನೋಡಿ. 31 ಮಕ್ಕಳ ಹಳ್ಳಿಯ ಶಾಲೆಗೆ ತಲಾ 806 ರೂಪಾಯಿ ಬಿದ್ದರೆ, 900 ಮಕ್ಕಳು ತುಂಬಿದ ನಗರದ ಶಾಲೆಗೆ ತಲಾ 83. ಸಣ್ಣ ಶಾಲೆಗೂ ಒಂದು ಕನಿಷ್ಠ ಖರ್ಚು ಇದ್ದೇ ಇರುತ್ತದೆ, ಆದ್ದರಿಂದ ಅದಕ್ಕೆ ತಲಾ ಹೆಚ್ಚು ಸಿಗುವುದು ನ್ಯಾಯವೇ. ತೊಂದರೆ ಮೇಲಿನ ತುದಿಯಲ್ಲಿದೆ. ಒಂಬೈನೂರು ಮಕ್ಕಳು ಬಳಸುವ ಶೌಚಾಲಯ ಮುನ್ನೂರು ಮಕ್ಕಳದಕ್ಕಿಂತ ಮೂರು ಪಟ್ಟು ಬೇಗ ಕೊಳೆಯಾಗುತ್ತದೆ, ನಲ್ಲಿ ಮೂರು ಪಟ್ಟು ಬೇಗ ಸವೆಯುತ್ತದೆ. ಅನುದಾನ ಮಾತ್ರ ಅಲ್ಲೇ ನಿಂತಿರುತ್ತದೆ. ದೊಡ್ಡ ಶಾಲೆಗಳು ನಗರದಲ್ಲೇ ಹೆಚ್ಚು, ಆದ್ದರಿಂದ ಪೆಟ್ಟೂ ನಗರಕ್ಕೇ.

ಶೌಚಾಲಯದ ಮಾತು ಬಂದದ್ದರಿಂದ ಒಂದು ಲೆಕ್ಕ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸಾಮಾನ್ಯವಾಗಿ ಗುಮಾಸ್ತರ ಹುದ್ದೆಯಾಗಲಿ, ಡಿ ಗ್ರೂಪ್ ಹುದ್ದೆಯಾಗಲಿ ಇಲ್ಲ. ದಿನಕ್ಕೆ ಎರಡು ಗಂಟೆ ಬಂದು ಶೌಚಾಲಯ ತೊಳೆಯುವವರಿಗೆ ತಿಂಗಳಿಗೆ 3,000 ಕೊಡುವುದೆಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 30,000. ನಮ್ಮ 220 ಮಕ್ಕಳ ಶಾಲೆಯ 50,000ದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಮುಗಿಯಿತು. ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಿದರೆಂಬ ಸುದ್ದಿ ಆಗಾಗ ಬರುತ್ತದೆ, ಶಿಕ್ಷಕರು ಅಮಾನತಾಗುತ್ತಾರೆ. ಮಕ್ಕಳಿಂದ ತೊಳೆಸುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೊಳೆಯುವವರ ಸಂಬಳ ಯಾವ ಶೀರ್ಷಿಕೆಯಲ್ಲಿದೆ ಎಂಬ ಪ್ರಶ್ನೆಯನ್ನು ಅಮಾನತಿನ ಆದೇಶ ಕೇಳುವುದಿಲ್ಲ.

ಹಿಂದೆ ಇದೇ ಹಣದಿಂದ ಕರೆಂಟ್ ಬಿಲ್ಲನ್ನೂ ಕಟ್ಟಬೇಕಿತ್ತು. ಕಂಪ್ಯೂಟರ್ ಕೊಟ್ಟರೂ ಬಿಲ್ಲಿನ ಭಯಕ್ಕೆ ಅದನ್ನು ಹಚ್ಚದ ಶಾಲೆಗಳಿದ್ದವು. 2023ರ ನವೆಂಬರ್ 1ರಂದು ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದ್ದು ಈ ಕಾರಣಕ್ಕೇ ದೊಡ್ಡ ವಿಷಯವಾಯಿತು. ಅದಕ್ಕೂ ಒಂದು ವರ್ಷ ಮುಂಚೆ, 2022ರ ಅಕ್ಟೋಬರ್‌ನಲ್ಲಿ, ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಕಡ್ಡಾಯ ಶಿಕ್ಷಣ ಉಚಿತವಾಗಿರಬೇಕೆಂದು ಕಾಯ್ದೆ ಹೇಳುವಾಗ ಅದು ನಿಲ್ಲುವ ಸುತ್ತೋಲೆಯಾಗಿರಲಿಲ್ಲ. ಆದರೂ ಆ 100 ರೂಪಾಯಿಯನ್ನು ಅನುದಾನದ ಪಕ್ಕದಲ್ಲಿಟ್ಟು ನೋಡಿ: ಹತ್ತು ತಿಂಗಳಿಗೆ ಮಗುವಿಗೆ 1,000, ಅನುದಾನದ ನಾಲ್ಕು ಪಟ್ಟಿಗೂ ಹೆಚ್ಚು. ಶಾಲೆಯ ಜೇಬು ಎಷ್ಟು ಸಣ್ಣದೆಂಬುದು ಅದರಿಂದ ಗೊತ್ತಾಗುತ್ತದೆ.

ಬರುವ ಹಣ ಬರುವ ಹೊತ್ತು

ಮೊತ್ತ ಸಣ್ಣದು ಎನ್ನುವುದು ಅರ್ಧ ಕಥೆ. 2021ರ ಜುಲೈನಿಂದ ಕೇಂದ್ರದ ಒಂದೊಂದು ಯೋಜನೆಯ ಹಣವೂ ರಾಜ್ಯಮಟ್ಟದ ಒಂದೊಂದೇ ಖಾತೆಯಲ್ಲಿರುತ್ತದೆ. ಶಾಲೆಯ ಖಾತೆಯಲ್ಲಿ ಶಿಲ್ಕು ಸೊನ್ನೆ. ಇಂತಿಷ್ಟು ಖರ್ಚು ಮಾಡಬಹುದೆಂಬ ಮಿತಿ ಮಾತ್ರ ಅದಕ್ಕೆ ಸಿಗುತ್ತದೆ. ಮುಖ್ಯ ಶಿಕ್ಷಕರು ಸರ್ಕಾರಿ ಹಣ ಪಾವತಿಯ ಪಿಎಫ್‌ಎಂಎಸ್ ಜಾಲತಾಣದಲ್ಲಿ ಅಂಗಡಿಯವರ ಬ್ಯಾಂಕ್ ವಿವರ ನೋಂದಾಯಿಸಬೇಕು, ಬಿಲ್ಲು ನಮೂದಿಸಬೇಕು, ಅನುಮೋದಿಸಬೇಕು, ಪಾವತಿ ಆದೇಶ ಅಚ್ಚು ಹಾಕಿ ಎಸ್‌ಡಿಎಂಸಿ ಅಧ್ಯಕ್ಷರ ಸಹಿಯೊಂದಿಗೆ ಬ್ಯಾಂಕಿಗೆ ಒಯ್ಯಬೇಕು. ಹಣ ಪೋಲಾಗುವುದನ್ನು ಇದು ತಡೆಯುತ್ತದೆ, ಖಾತೆಗಳಲ್ಲಿ ಸುಮ್ಮನೆ ಕೂತಿರುತ್ತಿದ್ದ ಹಣವೂ ಕಾಣಿಸುತ್ತದೆ.

ಕೆಡುವುದು ಇಲ್ಲಿ: ಶಾಲೆ ತೆರೆಯುವುದು ಜೂನ್ ಹೊತ್ತಿಗೆ, ಕಂತು ಬಿಡುಗಡೆಯಾಗುವುದು ತಿಂಗಳುಗಳ ಮೇಲೆ. ಮಳೆಗಾಲಕ್ಕೆ ಮುಂಚೆ ಮುಚ್ಚಬೇಕಾಗಿದ್ದ ಸೋರಿಕೆ ಮಳೆ ನಿಂತ ಮೇಲೆ ದುರಸ್ತಿಯಾಗುತ್ತದೆ. ವರ್ಷದ ಕೊನೆಯಲ್ಲಿ ಬಂದ ಮಿತಿ ಮಾರ್ಚ್ 31ಕ್ಕೆ ಮುಗಿದುಹೋಗುತ್ತದೆ, ಆ ವಾರ ಎಲ್ಲ ಶಾಲೆಗಳೂ ಒಮ್ಮೆಗೇ ಜಾಲತಾಣಕ್ಕೆ ಮುಗಿಬೀಳುತ್ತವೆ. ಬಿದ್ದ ಕಿಟಕಿಗೆ ಗಾಜು ಹಾಕುವ ಬೀದಿ ಬಡಗಿಗೆ ಬಿಲ್ ಪುಸ್ತಕ ಇರುವುದಿಲ್ಲ. ಎಸ್‌ಡಿಎಂಸಿ ಅಧ್ಯಕ್ಷರು ಗಾರೆ ಕೆಲಸದವರೋ ಮನೆಗೆಲಸದವರೋ ಆಗಿದ್ದರೆ ಬ್ಯಾಂಕಿಗೆ ಹೋದ ದಿನದ ಕೂಲಿ ಹೋಯಿತು. ಹೀಗಾಗಿ ಶಿಕ್ಷಕರು ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಹೊಂದಿಸಿಕೊಳ್ಳುತ್ತಾರೆ. ಮೇಷ್ಟ್ರ ಜೇಬಿನ ಮಾತು ನಿಜವಾಗುವುದು ಹೀಗೆ.

ಖಾಲಿ ಹುದ್ದೆ: ಕಣ್ಣಿಗೆ ಕಾಣದ ಕಡಿತ

ಸರ್ಕಾರಿ ಶಾಲೆಯ ಖರ್ಚಿನ ಸಿಂಹಪಾಲು ಸಂಬಳ. ನಮ್ಮ 220 ಮಕ್ಕಳ ಶಾಲೆಗೆ ಏಳು ಹುದ್ದೆ ಮಂಜೂರಾಗಿವೆ, ಭತ್ಯೆಗಳೆಲ್ಲ ಸೇರಿ ಸರಾಸರಿ ತಿಂಗಳಿಗೆ 60,000 ಸಂಬಳ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 50.4 ಲಕ್ಷ, ಮಗುವೊಂದಕ್ಕೆ ಸುಮಾರು 22,900 ರೂಪಾಯಿ. ‘ಸರ್ಕಾರ ಬಹಳ ಖರ್ಚು ಮಾಡುತ್ತದೆ’ ಎನ್ನುವ ಮಾತಿನ ಬೇರು ಈ ಅಂಕಿಯಲ್ಲಿದೆ. ಇದರ ಪಕ್ಕದಲ್ಲಿ ಶಾಲೆ ನಡೆಸಲು ಸಿಗುವ 227 ಇಡಿ. ನೂರಕ್ಕೆ ಒಂದು.

ಈಗ ಏಳರಲ್ಲಿ ಮೂರು ಹುದ್ದೆ ಖಾಲಿ ಇವೆ ಎನ್ನೋಣ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹತ್ತಾರು ಸಾವಿರ ಹುದ್ದೆಗಳು ಖಾಲಿ ಇದ್ದು, ಪ್ರತಿ ವರ್ಷ ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲಾಗುತ್ತದೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 2025–26ರ ಬಜೆಟ್‌ನಲ್ಲಿ 2,000 ಏರಿ 12,000 ಆಯಿತು, ಅದೂ ಶಾಲೆ ನಡೆಯುವ ತಿಂಗಳುಗಳಿಗೆ. ಮೂವರು ಕಾಯಂ ಶಿಕ್ಷಕರಿಗೆ 21.6 ಲಕ್ಷ ಹೋಗಬೇಕಾದ ಜಾಗದಲ್ಲಿ ಮೂವರು ಅತಿಥಿಗಳಿಗೆ ಹತ್ತು ತಿಂಗಳಿಗೆ 3.6 ಲಕ್ಷ. ಉಳಿದ 18 ಲಕ್ಷ ಶಾಲೆಗೆ ಬರುವುದಿಲ್ಲ. ಮಗುವೊಂದಕ್ಕೆ 8,000ಕ್ಕೂ ಹೆಚ್ಚು ಕಡಿತ, ಯಾವ ಬಜೆಟ್ ಭಾಷಣದಲ್ಲೂ ‘ಕಡಿತ’ ಎಂಬ ಪದ ಬರದೆ.

ಬೆಂಗಳೂರು ನಗರದೊಳಗೆ ವರ್ಗಾವಣೆ ಕೇಳಿ ಬರುವವರು ಹೆಚ್ಚು, ಆದ್ದರಿಂದ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳ ಮಟ್ಟದ ಕೊರತೆ ಇಲ್ಲಿಲ್ಲ. ನಗರದ ತೊಡಕು ಬೇರೆ ಥರದ್ದು. ಒಂದೇ ಆವರಣದಲ್ಲಿ ಕನ್ನಡ, ಉರ್ದು, ತಮಿಳು, ತೆಲುಗು ಮಾಧ್ಯಮಗಳು. 2019–20ರಿಂದ ಆಯ್ದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಸೇರಿಕೊಂಡಿತು. ವಿಭಾಗ ಹೆಚ್ಚಿದಷ್ಟು ಕೊಠಡಿ, ಶಿಕ್ಷಕರು ಹಂಚಿಹೋಗುತ್ತಾರೆ. ಕಾಗದದ ಮೇಲೆ ಮಕ್ಕಳು–ಶಿಕ್ಷಕರ ಅನುಪಾತ ಸರಿಯಿದ್ದರೂ ಏಳನೇ ತರಗತಿಗೆ ಗಣಿತ ಹೇಳುವವರಿಲ್ಲ ಎನ್ನುವ ಸ್ಥಿತಿ ಬರುವುದು ಹೀಗೆ.

ಒಂದೇ ಗಲ್ಲಾಪೆಟ್ಟಿಗೆಯ ಶಾಲೆ

ಸಿರಿವಂತರ ಶಾಲೆಯ ಹಣದ ವ್ಯವಸ್ಥೆ ಇದಕ್ಕಿಂತ ಎಷ್ಟೋ ಸರಳ. ಸಾವಿರ ಮಕ್ಕಳು, ತಲಾ 4 ಲಕ್ಷ ಶುಲ್ಕ ಎಂದಿಟ್ಟುಕೊಂಡರೆ ವರ್ಷಕ್ಕೆ 40 ಕೋಟಿ. ಪ್ರವೇಶ ಶುಲ್ಕ, ಠೇವಣಿ, ವಾಹನ, ಊಟ ಬೇರೆ. ಹಣದ ದೊಡ್ಡ ಭಾಗ ತರಗತಿ ಶುರುವಾಗುವ ಮುಂಚೆಯೇ ಬಂದಿರುತ್ತದೆ. ಎಲ್ಲವೂ ಒಂದೇ ಗಲ್ಲಾಪೆಟ್ಟಿಗೆಗೆ. ಪಂಪ್ ಕೆಟ್ಟರೆ ಅಂದೇ ಸಂಜೆ ಹೊಸದು ಬರುತ್ತದೆ. ಈ ವರ್ಷ ಬಸ್ಸಿಗೆಂದಿಟ್ಟ ಹಣವನ್ನು ಗ್ರಂಥಾಲಯಕ್ಕೆ ತಿರುಗಿಸಬೇಕಾದರೆ ಆಡಳಿತ ಮಂಡಳಿ ಒಂದು ಸಭೆಯಲ್ಲಿ ತೀರ್ಮಾನಿಸುತ್ತದೆ.

ಆ 40 ಕೋಟಿಯಲ್ಲಿ ಶೇ 60 ಸಂಬಳಕ್ಕೆ ಹೋಯಿತೆನ್ನೋಣ. ಮಗುವಿನ ಪಾಲಿಗೆ ಸಂಬಳದ ಬಾಬ್ತು 2.4 ಲಕ್ಷ, ಉಳಿದದ್ದು 1.6 ಲಕ್ಷ. ಈಗ ಎರಡು ಶಾಲೆಗಳನ್ನು ಅಕ್ಕಪಕ್ಕ ಇಡಿ. ಸಂಬಳದಲ್ಲಿ ಅಂತರ ಸುಮಾರು ಹತ್ತು ಪಟ್ಟು: 22,900 ಎದುರು 2.4 ಲಕ್ಷ. ಶಾಲೆ ನಡೆಸುವ ಹಣದಲ್ಲಿ ಅಂತರ ಏಳುನೂರು ಪಟ್ಟು: 227 ಎದುರು 1.6 ಲಕ್ಷ. ಸರ್ಕಾರಿ ಮಗುವಿನ ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರಗಳನ್ನು ಸೇರಿಸಿದರೆ ಅದರ ಪಾಲು ಕೆಲವು ಸಾವಿರ ಏರುತ್ತದೆ. ಆದರೆ ಅದು ಮಗುವಿನ ಹೊಟ್ಟೆಗೆ, ಮೈಗೆ, ಚೀಲಕ್ಕೆ ಹೋಗುವ ಹಣ, ಆಚೆಕಡೆಯ ಮಗುವಿಗೆ ಅದನ್ನು ಮನೆಯವರು ಬೇರೆಯಾಗಿಯೇ ಕೊಡುತ್ತಾರೆ. ಅಂಕಿಗಳು ಶಾಲೆಯಿಂದ ಶಾಲೆಗೆ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಒಂದೇ, ಅಂತರ ಅತಿ ದೊಡ್ಡದಾಗಿರುವುದು ಶಿಕ್ಷಕರ ಸಂಬಳದಲ್ಲಲ್ಲ, ಮಿಕ್ಕ ಎಲ್ಲದರಲ್ಲಿ. ಪ್ರಯೋಗಾಲಯ, ಆಟದ ಬಯಲು, ಸಂಗೀತದ ಮೇಷ್ಟ್ರು, ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಪ್ರತ್ಯೇಕ ಪಾಠ, ಶುಚಿಯಾದ ಶೌಚಾಲಯ ಎಲ್ಲವೂ ಆ ‘ಮಿಕ್ಕ’ದೊಳಗೆ ಬರುತ್ತವೆ.

ಶುಲ್ಕಕ್ಕೆ ಮಿತಿ ಇಲ್ಲವೇ ಎಂದರೆ, ಶಿಕ್ಷಣ ಸಂಸ್ಥೆ ಲಾಭಕೋರತನ ಮಾಡಬಾರದು, ಕ್ಯಾಪಿಟೇಷನ್ (ಸೀಟಿಗಾಗಿ ವಂತಿಗೆ) ಪಡೆಯಬಾರದು, ಆದರೆ ಬೆಳವಣಿಗೆಗೆ ಬೇಕಾದ ಹದವಾದ ಉಳಿಕೆ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹೇಳಿತು. ಅನುದಾನರಹಿತ ಶಾಲೆಗಳ ಶುಲ್ಕ ನಿಯಂತ್ರಿಸುವ ಕರ್ನಾಟಕ ಶಿಕ್ಷಣ ಕಾಯ್ದೆಯ ಅಂಶಗಳನ್ನು ರಾಜ್ಯ ಹೈಕೋರ್ಟ್ 2023ರ ಜನವರಿಯಲ್ಲಿ ರದ್ದು ಮಾಡಿತು.

ಸಾರ್ವಜನಿಕ ಹಣ ಆ ಕಡೆಗೂ ಹರಿಯುತ್ತದೆ

ಖಾಸಗಿ ಶಾಲೆ ಪೂರ್ತಿ ಪೋಷಕರ ದುಡ್ಡಿನಲ್ಲೇ ನಡೆಯುತ್ತದೆ ಎನ್ನುವುದು ಪೂರ್ತಿ ಸರಿಯಲ್ಲ. ಶಾಲೆ ನಡೆಸುವುದು ಟ್ರಸ್ಟ್ ಅಥವಾ ಸೊಸೈಟಿ. ನಿಯಮ ಪಾಲಿಸಿದರೆ ಅದರ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. ಶಾಲಾ ಶಿಕ್ಷಣದ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡುವಾಗ ನಾಗರಿಕ ಸೌಲಭ್ಯಕ್ಕೆಂದು ಬಿಡುವ ನಿವೇಶನಗಳು, ಜನ ಸಿಎ ಸೈಟು ಎನ್ನುವವು, ಶಿಕ್ಷಣ ಸಂಸ್ಥೆಗಳಿಗೆ 30 ವರ್ಷದ ಗುತ್ತಿಗೆಗೆ ಸಿಗುತ್ತವೆ. ನಗರದಲ್ಲಿ ಶಾಲೆಯ ಅತಿ ದುಬಾರಿ ವಸ್ತು ನೆಲವೇ ಎಂಬುದನ್ನು ಮರೆಯಬಾರದು.

ಇನ್ನೊಂದು ಸೌಲಭ್ಯ ಪೋಷಕರ ಕೈಗೇ ಬರುತ್ತದೆ. ಆದಾಯ ತೆರಿಗೆಯ ಹಳೆ ಪದ್ಧತಿ ಆಯ್ದುಕೊಂಡವರು, 80ಸಿ ಎಂದೇ ಹೆಸರಾದ ವಿನಾಯಿತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು 1.5 ಲಕ್ಷದ ಒಟ್ಟು ಮಿತಿಯೊಳಗೆ ತೋರಿಸಬಹುದು. ಶೇ 30ರ ತೆರಿಗೆ ಹಂತದವರು ಆ ಮಿತಿಯನ್ನು ಪೂರ್ತಿ ಶುಲ್ಕದಿಂದಲೇ ತುಂಬಿಸಿದರೆ ಉಳಿಯುವ ತೆರಿಗೆ, ಸೆಸ್ ಸೇರಿ, 46,800 ರೂಪಾಯಿ. ಇಬ್ಬರು ಮಕ್ಕಳಿದ್ದರೆ ತಲಾ 23,400. ನಮ್ಮ ಸರ್ಕಾರಿ ಶಾಲೆಯ ಮಗುವಿನ ಪಾಲಿನ ಶಿಕ್ಷಕರ ಸಂಬಳಕ್ಕೆ ಹತ್ತಿರ ಹತ್ತಿರ ಅಷ್ಟೇ. ಬಜೆಟ್ ಪುಸ್ತಕದಲ್ಲಿ ಒಂದು ‘ಖರ್ಚು’ ಎಂದು ಕಾಣುತ್ತದೆ. ಇನ್ನೊಂದು ಬಾರದ ಆದಾಯವಾದ್ದರಿಂದ ಕಾಣುವುದೇ ಇಲ್ಲ.

ಬೆಂಗಳೂರು ಇಷ್ಟು ಶ್ರೀಮಂತ ನಗರ, ತನ್ನ ಶಾಲೆಗಳನ್ನು ತಾನೇ ನೋಡಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಮುಂಬೈನಲ್ಲಿ ಪ್ರಾಥಮಿಕ ಶಾಲೆ ನಡೆಸುವುದು ಮಹಾನಗರ ಪಾಲಿಕೆಯ ದೊಡ್ಡ ಹೊಣೆ. ಬೆಂಗಳೂರಿನಲ್ಲಿ ಪಾಲಿಕೆಯ ಶಾಲೆಗಳು ಕಡಿಮೆ, ಮಿಕ್ಕ ಸರ್ಕಾರಿ ಶಾಲೆಗಳೆಲ್ಲ ರಾಜ್ಯದ ಶಾಲಾ ಶಿಕ್ಷಣ ಇಲಾಖೆಯವು. ಆಸ್ತಿ ತೆರಿಗೆಯ ಮೇಲೆ ಇಲ್ಲಿ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3 ಬೀಳುತ್ತವೆ. ಈ ಪಟ್ಟಿಯಲ್ಲಿ ಶಾಲೆ ಇಲ್ಲ; ನಗರದ ಬೆಲೆಬಾಳುವ ಆಸ್ತಿಗೂ ಅದರ ಪಕ್ಕದ ಸರ್ಕಾರಿ ಶಾಲೆಗೂ ನೇರ ಕೊಂಡಿ ಇಲ್ಲ.

ಶೇ 25 ಸೀಟು, 16,000 ರೂಪಾಯಿ

ಈ ಎರಡು ಲೋಕಗಳ ನಡುವೆ ಕಾನೂನು ಒಂದು ಬಾಗಿಲು ಇಟ್ಟಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಪ್ರಕಾರ ಅನುದಾನರಹಿತ ಶಾಲೆಗಳು ಪ್ರವೇಶ ತರಗತಿಯ ಶೇ 25 ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಸರ್ಕಾರ ಶಾಲೆಗೆ ಮರುಪಾವತಿ ಮಾಡಬೇಕು: ತಾನು ಒಂದು ಮಗುವಿಗೆ ಮಾಡುವ ಖರ್ಚು, ಶಾಲೆಯ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕರ್ನಾಟಕದಲ್ಲಿ 2012–13ರಲ್ಲಿ ಈ ಪ್ರವೇಶ ಶುರುವಾದಾಗ ಒಂದನೇ ತರಗತಿಗೆ ಮಿತಿ 11,848 ರೂಪಾಯಿ. ಆಮೇಲೆ 16,000, ಪೂರ್ವ ಪ್ರಾಥಮಿಕಕ್ಕೆ 8,000. ಗಲ್ಲಿಯ ಶಾಲೆಗೆ ಇದು ಬಹುಪಾಲು ಶುಲ್ಕವನ್ನೇ ಕೊಟ್ಟಂತೆ. ನಾಲ್ಕು ಲಕ್ಷದ ಶಾಲೆಗೆ ಇದು ಶೇ 4. ಒಬ್ಬ ಕಾಯಂ ಶಿಕ್ಷಕರ 7.2 ಲಕ್ಷ ಸಂಬಳವನ್ನು 30 ಮಕ್ಕಳಿಗೆ ಹಂಚಿದರೇ ತಲಾ 24,000 ಆಗುವಾಗ, 16,000 ಸರ್ಕಾರದ್ದೇ ನಿಜವಾದ ಖರ್ಚಿಗೂ ಸಮವಲ್ಲ.

ಪ್ರವೇಶ ಸಿಕ್ಕ ಮನೆಯವರಿಗೂ ಒಂದು ಪೆಟ್ಟು ಕಾದಿರುತ್ತಿತ್ತು. ಮರುಪಾವತಿ ಬೋಧನೆಗೆ, ಬಸ್ಸು, ಪ್ರವಾಸ, ವಾರ್ಷಿಕೋತ್ಸವದ ಉಡುಪು ಮನೆಯವರ ಮೇಲೆ. ಎಂಟನೇ ತರಗತಿ ಮುಗಿದ ಮೇಲೆ ಪೂರ್ತಿ ಶುಲ್ಕ.

2019ರ ಹೊತ್ತಿಗೆ ಕರ್ನಾಟಕ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ. ಮರುಪಾವತಿಯ ಹಣ ಸರ್ಕಾರಿ ಶಾಲೆಗೇ ಉಳಿಯಲಿ, ಅಲ್ಲಿಂದ ಮಕ್ಕಳು ಖಾಲಿಯಾಗುವುದು ನಿಲ್ಲಲಿ ಎನ್ನುವುದು ಸರ್ಕಾರದ ವಾದ. ಅದೇ ವರ್ಷದ ಮೇ ತಿಂಗಳಲ್ಲಿ ಹೈಕೋರ್ಟ್ ಒಪ್ಪಿತು. ನಗರದಲ್ಲಿ ಸರ್ಕಾರಿ ಶಾಲೆ ಇಲ್ಲದ ವಾರ್ಡ್ ಹುಡುಕುವುದೇ ಕಷ್ಟ, ಹಾಗಾಗಿ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ.

ಕೊಡುಗೆಯ ಹಣ ಎಲ್ಲಿ ನಿಲ್ಲುತ್ತದೆ

2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. ಇದರಿಂದ ಬೆಂಗಳೂರಿನ ಎಷ್ಟೋ ಶಾಲೆಗಳಿಗೆ ಹೊಸ ಶೌಚಾಲಯ, ಬಣ್ಣ, ಸ್ಮಾರ್ಟ್ ಬೋರ್ಡ್ ಬಂದಿವೆ. ಇದು ಒಂದು ಸಲದ ಹಣ. ನೀರು ಶುದ್ಧೀಕರಿಸುವ ಯಂತ್ರ ಕೊಟ್ಟವರು ಉದ್ಘಾಟನೆಗೆ ಬರುತ್ತಾರೆ, ಅದರ ಫಿಲ್ಟರ್ ಬದಲಿಸುವ ದಿನ ಬರುವುದಿಲ್ಲ. ಕೊಡುಗೆ ಪಡೆಯುವಾಗ ಎಸ್‌ಡಿಎಂಸಿ ಕೇಳಬೇಕಾದ್ದು ಕನಿಷ್ಠ ಮೂರು ವರ್ಷದ ನಿರ್ವಹಣಾ ಒಪ್ಪಂದ, ಬಿಡಿಭಾಗದ ಖರ್ಚು ಯಾರದೆಂಬ ಬರಹ. ಅದಿಲ್ಲದ ಕೊಡುಗೆ 50,000 ರೂಪಾಯಿಯ ಅನುದಾನದ ಮೇಲೆ ಇನ್ನೊಂದು ಭಾರ.

ನಿಮ್ಮ ಬೀದಿಯ ಶಾಲೆಯ ಲೆಕ್ಕ ನೋಡುವ ಬಗೆ

ಸರ್ಕಾರಿ ಶಾಲೆಯ ಹಣ ಗುಟ್ಟಿನದಲ್ಲ. ಎಸ್‌ಡಿಎಂಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಸಭೆಯಲ್ಲಿ ನಗದು ಪುಸ್ತಕ ತೋರಿಸಿ ಎನ್ನುವುದು ಅವರ ಹಕ್ಕು. ಕೇಳಬೇಕಾದ ಮೊದಲ ಪ್ರಶ್ನೆಗಳು: ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಈ ವರ್ಷದ ಅನುದಾನದ ಮಿತಿ ಯಾವ ತಾರೀಖು ಬಂತು, ಎಷ್ಟು ಬಳಕೆಯಾಯಿತು, ಕಳೆದ ವರ್ಷದ ಹಣ ವಾಪಸಾಯಿತೇ. ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಕೊಡಬಹುದು.

ಶಿಕ್ಷಣ ಹಕ್ಕು ಕಾಯ್ದೆಯ 22ನೇ ವಿಧಿಯಂತೆ ಎಸ್‌ಡಿಎಂಸಿ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಹಣಕಾಸು ವರ್ಷ ಮುಗಿಯುವ ಮೂರು ತಿಂಗಳ ಮುಂಚೆ, ಅಂದರೆ ಡಿಸೆಂಬರ್ ಒಳಗೆ ಅದು ಸಿದ್ಧವಿದ್ದರೆ ಮುಂದಿನ ವರ್ಷದ ಬೇಡಿಕೆಯಲ್ಲಿ ಸೇರುವ ಅವಕಾಶ. ಫೆಬ್ರುವರಿಯಲ್ಲಿ ಬರೆದ ಯೋಜನೆ ಕಪಾಟಿನಲ್ಲೇ ಉಳಿಯುತ್ತದೆ.

ಇದಕ್ಕೂ ಮುಂಚಿನ ತಾರೀಖು ಸೆಪ್ಟೆಂಬರ್ 30. ಆ ದಿನ ಯುಡೈಸ್ ಎಂಬ ದೇಶವ್ಯಾಪಿ ಶಾಲಾ ಮಾಹಿತಿ ದಾಖಲೆಯಲ್ಲಿರುವ ಮಕ್ಕಳ ಸಂಖ್ಯೆಯೇ ಮುಂದಿನ ಅನುದಾನಕ್ಕೆ ಆಧಾರ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬಗಳ ಮಕ್ಕಳು ವರ್ಷದ ನಡುವೆ ಸೇರುತ್ತಾರೆ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಆಧಾರ್‌ನಲ್ಲಿ ಹೆಸರು ತಪ್ಪು ಎಂದು ಅವರನ್ನು ‘ಕೂರಿಸಿಕೊಂಡಿರುವ’ ಮಕ್ಕಳಾಗಿ ಇಟ್ಟುಕೊಳ್ಳುವ ಶಾಲೆಗಳಿವೆ. ತರಗತಿಯಲ್ಲಿ ಕೂತಿರುತ್ತಾರೆ, ಲೆಕ್ಕದಲ್ಲಿರುವುದಿಲ್ಲ. ಟಿಸಿ ತಡವಾಯಿತೆಂದು ಪ್ರವೇಶ ತಡಮಾಡಬಾರದೆಂದು ಕಾಯ್ದೆಯ 5ನೇ ವಿಧಿಯೂ, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸಬಾರದೆಂದು 14ನೇ ವಿಧಿಯೂ ಹೇಳುತ್ತವೆ. 248 ಮಕ್ಕಳಿರುವ ಶಾಲೆಯಲ್ಲಿ ಹೀಗೆ ಲೆಕ್ಕದ ಹೊರಗೆ ಕೂತ ಮೂವರನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ದಾಖಲಿಸಿದರೆ ಸಂಖ್ಯೆ 251 ಆಗುತ್ತದೆ, ಅನುದಾನದ ಮೆಟ್ಟಿಲು 50,000ದಿಂದ 75,000ಕ್ಕೆ ಏರುತ್ತದೆ. ಆ 25,000 ಶೌಚಾಲಯ ತೊಳೆಯುವವರ ಎಂಟು ತಿಂಗಳ ಸಂಬಳ.